ಬೂದು ಕೋಟು, ಸತ್ತ ಮೈಕು

ಹಳಿಯ ಈಚೆ ಬದಿ,
ಹೊಲಿಗೆ ಯಂತ್ರದ ಪಕ್ಕದ ಮೇಜು,
ಗುರುವಾರ ಮಧ್ಯಾಹ್ನ, ಅಮ್ಮ ಮನೆಯಲ್ಲಿಲ್ಲದ ಶುಭ ಗಳಿಗೆ.

ಮುಗುಳ್ನಗೆ ಮಹಾಸಾಮ್ರಾಜ್ಯದ ಪಟ್ಟದರಸಿಯೂ, ಸೊಟ್ಟ ಕಾಲರುಗಳ ಸಂಹಾರಿಣಿಯೂ, ಜೋತುಬಿದ್ದ ಭುಜಗಳನ್ನು ಎತ್ತಿ ನಿಲ್ಲಿಸಿದ ಮಹಾಶಿಲ್ಪಿಯೂ, ನಾಯಕರೆನಿಸಿಕೊಂಡವರಿಗೆಲ್ಲ ಕೂರಲು, ಏಳಲು, ಕ್ಯಾಮೆರಾದ ಮುಂದೆ ಕೆಮ್ಮಲು ಕಲಿಸಿದ ಗುರುಶ್ರೇಷ್ಠೆಯೂ, ಚಿಕ್ಕಂದಿನಲ್ಲಿ ನನ್ನ ಪಾಲಿನ ಬಿಸ್ಕತ್ತನ್ನು ನಾನೇ ಸಂತೋಷದಿಂದ ಕೊಡುವಂತೆ ಮಾಡುತ್ತಿದ್ದ ಮಾಯಾವಿನಿಯೂ ಆದ ನನ್ನ ಒಬ್ಬಳೇ ಅಕ್ಕನ ದಿವ್ಯ ಸನ್ನಿಧಾನಕ್ಕೆ, ಮೈಕ್ ಅಂಗಡಿಯ ವೈರುಗಳ ನಡುವೆ ಬಾಳು ಸವೆಸುತ್ತಿರುವ ಅಲ್ಪಮತಿಯಾದ ತಮ್ಮನು ತಲೆಬಾಗಿ, ಆದರೆ ಬೆನ್ನು ಬಾಗಿಸದೆ, ಅರಿಕೆ ಮಾಡಿಕೊಳ್ಳುವುದೇನೆಂದರೆ:

ಪ್ರೀತಿಯ ಅಕ್ಕಾ, ಕ್ಷೇಮವೇ? ನಿನ್ನ ಕತ್ತು ನೋವು ಹೇಗಿದೆ? ಅಜ್ಜಿಗೆ ಹೇಳಿದ್ದಕ್ಕೆ, "ಊರಿನವರ ಕತ್ತೆಲ್ಲ ನೆಟ್ಟಗೆ ಮಾಡೋಕೆ ಹೋಗಿ ತನ್ನ ಕತ್ತು ಸೊಟ್ಟ ಮಾಡ್ಕೊಂಡಳಾ" ಅಂದಳು. ಆಮೇಲೆ ಬಿಸಿನೀರಿನ ಬಟ್ಟೆ ಇಟ್ಟುಕೊಳ್ಳಲು ಹೇಳು ಎಂದು ಬರೆಸಿದಳು. ಇಟ್ಟುಕೋ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪ ಎಂದಿನಂತೆ ಬೇಕರಿಯ ಒಲೆ ಕಾದು ಬಂದು ಹಗಲೆಲ್ಲ ಮಲಗುತ್ತಾರೆ, ಈ ಚುನಾವಣೆಯನ್ನು ಅವರು ಗೊರಕೆಯಲ್ಲೇ ಎದುರಿಸುತ್ತಿದ್ದಾರೆ. ಅಜ್ಜಿಯ ಮೊಣಕಾಲು ಹಾಗೇ ಇದೆ, ನಾಲಿಗೆ ಇನ್ನೂ ಚೂಪಾಗಿದೆ. ಫೋನು ಬಿಟ್ಟು ಕಾಗದ ಯಾಕೆ ಎಂದು ಕೇಳಬೇಡ. ಫೋನು ಮಾಡಿದರೆ ಅಮ್ಮ ಪಕ್ಕದಲ್ಲಿ ನಿಂತು ಅರ್ಧ ಮಾತನ್ನು ತಾನೇ ಆಡುತ್ತಾಳೆ, ಉಳಿದರ್ಧಕ್ಕೆ ನನ್ನ ಕಿವಿ ಹಿಂಡುತ್ತಾಳೆ. ಇದು ಅವಳ ಕಿವಿಗೆ ಬೀಳಬಾರದ ಕಾಗದ. ಇವತ್ತಿನ ರಾತ್ರಿ ಗಾಡಿಯಲ್ಲಿ ಬರುವವರ ಕೈಗೆ ಕೊಡುತ್ತೇನೆ, ನಾಳೆಯೇ ನಿನ್ನ ಕೈಸೇರುತ್ತದೆ. ಓದಿದ ಮೇಲೆ ಹರಿಯಬೇಡ, ನುಂಗಿಬಿಡು.

ವಿಷಯಕ್ಕೆ ಬರುತ್ತೇನೆ. ನಿನ್ನ ಅಪ್ಪಣೆ ನಿನ್ನೆ ಬಂದು ತಲುಪಿತು. ವಾರ್ಡಿನ ಅಭ್ಯರ್ಥಿಗಳ ಚರ್ಚಾಸಭೆಯಲ್ಲಿ ಅಮ್ಮ ಮೈಕನ್ನು ಕೆಳಗಿಟ್ಟು ಬರೀ ಗಂಟಲಿನಲ್ಲಿ ಮಾತಾಡಿದ ಆ ತುಣುಕನ್ನು ನಿನ್ನ ಕಚೇರಿಯಲ್ಲಿ ಎಲ್ಲರೂ ನೋಡಿದರಂತೆ. ನಿನ್ನ ಮೇಲಿನವರು "ಇದು ಚಿನ್ನ" ಅಂದರಂತೆ. ಆದ್ದರಿಂದ ಭಾನುವಾರ ಮತ ಹಾಕುವ ತನಕ ಅಮ್ಮ ಪ್ರತಿ ಸಭೆಯಲ್ಲೂ ಮೈಕ್ ಕೆಳಗಿಡಬೇಕು, ಇಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಜನರನ್ನು ನೋಡಬೇಕು, ಅಳತೆ ಟೇಪು ಕತ್ತಿನಲ್ಲೇ ನೇತಾಡುತ್ತಿರಬೇಕು. ಇದನ್ನು ಅಮ್ಮನಿಗೆ ಓದಿ ಹೇಳಿದೆ. ತುಟಿಯ ನಡುವಿನ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿಮೆತ್ತೆಗೆ ಚುಚ್ಚಿ, "ಸತ್ತ ಮೈಕನ್ನ ದಿನಾ ಸಾಯ್ಸೋಕಾಗುತ್ತೇನೋ? ಅವಳಿಗೆ ಹೇಳು, ಆಗಲ್ಲ" ಅಂದಳು. ಅಷ್ಟೇ ಉತ್ತರ. ಮುಂದಿನದ್ದೆಲ್ಲ ಆ 'ಆಗಲ್ಲ'ಕ್ಕೆ ನಾನು ಹೊಲಿದ ಅಂಚು. ನೀನು ನೋಡಿದ್ದು ಅರ್ಧ ನಿಮಿಷ, ಅದರ ಹಿಂದು ಮುಂದು ನೋಡಿಲ್ಲ.

ನೀನು ಹೋಗುವಾಗ ರೈಲು ಹಳಿಯ ಮೇಲಿನ ಕಬ್ಬಿಣದ ಕಾಲುಸೇತುವೆ ತೆರೆದಿತ್ತು, ಪೆಟ್ಟಿಗೆ ಹೊತ್ತುಕೊಂಡು ಅದರ ಮೇಲೆಯೇ ಹೋದೆ. ಆಮೇಲೆ ರಿಪೇರಿ ಎಂದು ಎರಡೂ ತುದಿಗೆ ತಗಡು ಹೊಡೆದರು. ಎರಡು ವರ್ಷವಾಯಿತು, ರಿಪೇರಿಯೂ ಇಲ್ಲ, ತಗಡೂ ಹೋಗಿಲ್ಲ. ಆಚೆ ಹೋಗಬೇಕಾದರೆ ಗೋದಾಮುಗಳನ್ನೆಲ್ಲ ಬಳಸಿಕೊಂಡು ಕೆಳದಾರಿಯಲ್ಲಿ ನುಸುಳಬೇಕು. ಅಜ್ಜಿಯ ಮೊಣಕಾಲಿಗೆ ಅದು ಪರದೇಶವಿದ್ದ ಹಾಗೆ. ಹಾಗಾಗಿ ಈಗ ನಮ್ಮ ಬೀದಿಯವರೂ ಆಚೆ ಬೀದಿಯವರೂ ಕೂಗಿಯೇ ಬದುಕುತ್ತಿದ್ದೇವೆ. ಎರಡು ರೈಲುಗಳ ನಡುವೆ ಸಿಗುವ ಬಿಡುವಿನಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸಬೇಕು. ಅದಕ್ಕೊಂದು ಕ್ರಮವೇ ಬೆಳೆದುಬಿಟ್ಟಿದೆ. ಕೂಗಿದವರು ಕೊನೆಗೆ "ಕೇಳಿಸ್ತಾ?" ಅನ್ನಬೇಕು. ಆಚೆಯವರು "ಕೇಳಿಸ್ತು, ಹೇಳು" ಅನ್ನಬೇಕು. ಅದು ಬಾರದೆ ಮುಂದಿನ ಮಾತು ಆಡುವಂತಿಲ್ಲ. ಮುಗಿಸುವಾಗ "ಗಾಡಿ ಬರ್ತಿದೆ" ಅನ್ನಬೇಕು, ಗಾಡಿ ಬರಲಿ ಬಿಡಲಿ. ಔಷಧಿ, ಪರೀಕ್ಷೆಯ ಅಂಕ, ಮದುವೆ ಮಾತುಕತೆ, ಜಗಳ, ಎಲ್ಲ ಹೀಗೇ ನಡೆಯುತ್ತದೆ. ಗುಟ್ಟು ಅನ್ನುವುದೇ ನಮ್ಮ ವಾರ್ಡಿನಲ್ಲಿ ಉಳಿದಿಲ್ಲ. ಆಚೆ ಬೀದಿಯ ಒಬ್ಬರಿಗೆ ಮೂಲವ್ಯಾಧಿ ಎನ್ನುವುದು ಎಂಜಿನ್ ಡ್ರೈವರುಗಳಿಗೂ ಗೊತ್ತು.

ಅಜ್ಜಿಯ ಗೆಳತಿ ನೆನಪಿದ್ದಾಳಲ್ಲ, ನಾವು ಆಚೆಯಜ್ಜಿ ಅನ್ನುತ್ತಿದ್ದೆವು, ಲಂಗದ ಕಾಲದಿಂದ ಜೊತೆಗಿದ್ದವಳು. ದಿನಾ ಬೆಳಿಗ್ಗೆ ಅಜ್ಜಿ ಈ ತಗಡಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂರುತ್ತಾಳೆ, ಅವಳು ಆ ತಗಡಿನ ಹತ್ತಿರ. ಇತ್ತೀಚೆಗೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಅಜ್ಜಿ "ಮೊಣಕಾಲು ಹೇಗಿದೆಯೇ?" ಎಂದು ಕೂಗುತ್ತಾಳೆ; ಆಚೆಯಜ್ಜಿ "ಕೇಳಿಸ್ತು, ಹೇಳು" ಅನ್ನುತ್ತಾಳೆ. ಅಜ್ಜಿ ಮತ್ತೆ ಕೇಳುತ್ತಾಳೆ. ಅವಳು ಮತ್ತೆ "ಕೇಳಿಸ್ತು, ಹೇಳು" ಅನ್ನುತ್ತಾಳೆ. ಅವಳಿಗೆ ಕೇಳಿಸಿರುವುದಿಲ್ಲ, ಅಕ್ಕಾ. ಅಜ್ಜಿಯ ಕೈ ಬಾಯಿಂದ ಕೆಳಗಿಳಿದದ್ದು ಕಂಡ ಕೂಡಲೇ ಅಂದಾಜಿನ ಮೇಲೆ ಉತ್ತರ ಕೊಡುತ್ತಾಳೆ. ಅಜ್ಜಿಗೆ ಗೊತ್ತು. ಗೊತ್ತಿದ್ದೂ "ಗಾಡಿ ಬರ್ತಿದೆ" ಎಂದು ಹೇಳಿ ಸ್ಟೂಲು ಎತ್ತಿಕೊಂಡು ಬರುತ್ತಾಳೆ. ಒಂದು ದಿನ ಮನೆಗೆ ಬಂದು ಅಮ್ಮನ ಮುಂದೆ, "ಇನ್ನು ಸ್ವಲ್ಪ ದಿನ ಹೋದ್ರೆ ಪಕ್ಕದಲ್ಲಿ ಕೂತ್ರೆ ಮಾತ್ರ ಮಾತು" ಅಂದಳು. ಮಾರನೆಯ ದಿನ ಅಮ್ಮ ಪುರಸಭೆಗೆ ಹೋಗಿ ಉಮೇದುವಾರಿಕೆ ಹಾಕಿ ಬಂದಳು. ನಿನ್ನ ಕಚೇರಿಯ ಭಾಷೆಯಲ್ಲಿ ಇದನ್ನು 'ಪ್ರಚಾರದ ಕೇಂದ್ರ ಸಂದೇಶ' ಅನ್ನುತ್ತಾರೋ ಏನೋ. ನಮ್ಮ ಮನೆಯಲ್ಲಿ ಇದಕ್ಕೆ ಅಜ್ಜಿ ಅನ್ನುತ್ತೇವೆ.

ಎದುರಾಳಿಯನ್ನು ನೀನು ನೋಡಿಲ್ಲ. ಈಗಿನ ಸದಸ್ಯ, ಸೋಫಾ ಅಂಗಡಿಯ ಮಾಲೀಕ. ಊರು ಅವನನ್ನು ಸೋಫಾ ಸಾಹುಕಾರ ಅನ್ನುತ್ತದೆ. ಬೆಳ್ಳಿ ಕೂದಲು, ಗುಡುಗನ್ನು ಜೇನಿನಲ್ಲಿ ಅದ್ದಿದಂಥ ದನಿ. ಅವನ ಮಾತು ಅವನ ಸರಕಿನಂತೆಯೇ: ಕೂತವರು ಮೆತ್ತಗೆ ಒಳಗಿಳಿಯುತ್ತಾರೆ, ಆಮೇಲೆ ಏಳಲಾಗುವುದಿಲ್ಲ. ಇವನ ಮುಖವಾಡ ಕಳಚುವ ಘನ ಉದ್ದೇಶದಿಂದ ನಾನೊಂದು ಮಹಾಕಾರ್ಯ ಕೈಗೊಂಡೆ. ತಿಪ್ಪೆಯಿಂದ ಸ್ಪ್ರಿಂಗು ಹೊರಬಂದ ಸೋಫಾವೊಂದನ್ನು ಎಳೆದು ತಂದು ತಗಡಿನ ಮುಂದೆ ಇಟ್ಟು, "ಸೇತುವೆ ತೆರೆಯುವ ತನಕ ಇಲ್ಲಿ ವಿಶ್ರಮಿಸಿ. ಇಂತಿ, ನಿಮ್ಮ ಸದಸ್ಯರು" ಎಂದು ಹಲಗೆ ನೇತುಹಾಕಿದೆ. ಜನ ನಕ್ಕು ನಕ್ಕು ಅವನನ್ನು ಓಡಿಸುತ್ತಾರೆ ಎಂದುಕೊಂಡಿದ್ದೆ. ಸಂಜೆ ನೋಡಿದರೆ ಬೀದಿಯ ಹಿರಿಯರು ಸಾಲಾಗಿ ಅದರ ಮೇಲೆ ಕೂತಿದ್ದಾರೆ. "ಎಷ್ಟು ಒಳ್ಳೆ ಮನುಷ್ಯ ನೋಡು, ನಮ್ಮ ಕಾಲು ನೋವು ಅವನಿಗೆ ತಿಳಿದಿದೆ" ಎಂದು ಅದರ ಸ್ಪ್ರಿಂಗನ್ನು ಸರಿಸಿಕೊಂಡು ಹೊಗಳುತ್ತಿದ್ದಾರೆ. ಮರುದಿನ ಸಾಹುಕಾರನೇ ಬಂದು ಆ ಸೋಫಾದ ಮೇಲೆ ಕೂತು ಫೋಟೋ ತೆಗೆಸಿಕೊಂಡು ಹೋದ. ನನ್ನ ಕೀಟಲೆಯಿಂದ ಅವನಿಗೆ ಬಂದ ಓಟುಗಳನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಆಗ ಬಂತು ನಿನ್ನ ಪಾರ್ಸೆಲ್. ಒಳಗೆ ಪುಟಗಟ್ಟಲೆ ಉಪದೇಶ ಮತ್ತು ಒಂದು ಬೂದು ಕೋಟು. ಅಮ್ಮ ಕೋಟನ್ನು ಹಾಕಿಕೊಂಡು ನೋಡಲಿಲ್ಲ, ಒಳಗು ಹೊರಗು ಮಾಡಿ ನೋಡಿದಳು. "ಹೊರಗೆ ಇಸ್ತ್ರಿ, ಒಳಗೆ ಅಂಟು. ಒಂದು ಎಳೆ ಹೊಲಿಗೆ ಇಲ್ವಲ್ಲೋ ಇದರಲ್ಲಿ" ಅಂದಳು. ಆಮೇಲೆ ನಿನ್ನ ಪುಟಗಳನ್ನು ಓದಿಸಿಕೊಂಡಳು. ಹಲ್ಲು ಎಷ್ಟು ಕಾಣಬೇಕು, ಕೈ ಎಲ್ಲಿರಬೇಕು, ಗಲ್ಲ ಎಷ್ಟು ಎತ್ತಬೇಕು. 'ಒಳ್ಳೆಯ ಕೋಟು ಹಾಕಿಕೊಂಡವರನ್ನು ಯಾರೂ ಅನುಮಾನಿಸುವುದಿಲ್ಲ' ಎಂಬ ಎರಡನೇ ಪುಟದ ಅಮೃತವಾಣಿಗೆ ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಅಮ್ಮ ನಗಲಿಲ್ಲ. ನಾನು ಹೊರಗೆ ಹೋಗಿ ಬಂದಾಗ ಗಿರಾಕಿಗಳ ಕನ್ನಡಿಯ ಮುಂದೆ ಭುಜ ಹಿಂದಕ್ಕೆಳೆದು ನಿಂತಿದ್ದಳು. ನನ್ನನ್ನು ನೋಡಿ, "ನಾನು ಹೀಗಿದ್ರೆ ಓಟು ಬರಲ್ಲ ಅಂತಾನಾ ಅವಳು ಹೇಳೋದು?" ಎಂದು ಕೇಳಿದಳು. ನಿನಗೆ ನೋವಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ, ಸ್ವಲ್ಪ ಮಟ್ಟಿಗೆ. ಆಮೇಲೆ ಆ ಪುಟಗಳನ್ನು ಮಡಿಸಿ ಹೊಲಿಗೆ ಯಂತ್ರದ ಅಲ್ಲಾಡುವ ಕಾಲಿನ ಕೆಳಗೆ ಕೊಟ್ಟಳು. ಯಂತ್ರ ಈಗ ಬಂಡೆಯ ಹಾಗೆ ನಿಂತಿದೆ. ನಿನ್ನ ವಿದ್ಯೆಯಿಂದ ನಮ್ಮ ಮನೆಗಾದ ಉಪಕಾರವನ್ನು ಮರೆಯಲಾರೆವು. ಎರಡನೇ ಪುಟ ಮಾತ್ರ ಯಾಕೋ ಅಲ್ಲಿ ಕಾಣುತ್ತಿಲ್ಲ. ಕೋಟನ್ನು ವಾಪಸು ಮಾಡಲು ನನಗೆ ಒಪ್ಪಿಸಿದಳು. ಅದು ಬೇರೆ ಪಾರ್ಸೆಲಿನಲ್ಲಿ ಬರುತ್ತಿದೆ.

ಇನ್ನು ಚರ್ಚಾಸಭೆ. ಪುರಸಭೆಯ ಸಭಾಂಗಣ, ನಮ್ಮ ಅಂಗಡಿಯ ಮೈಕ್ ಸೆಟ್ಟು, ಅದರ ಪೆಟ್ಟಿಗೆಯ ಮುಂದೆ ನಾನು. ವೇದಿಕೆಗೂ ನನಗೂ ನಡುವೆ ಪರದೆ. ನನಗೆ ಸಭೆ ಕಾಣುತ್ತಿತ್ತು, ವೇದಿಕೆ ಕಾಣುತ್ತಿರಲಿಲ್ಲ. ಅಧ್ಯಕ್ಷತೆ ನಮ್ಮ ಹಳೆಯ ಹೆಡ್‌ಮಾಸ್ಟರದು. ಪಕ್ಷಪಾತದ ಸೋಂಕು ತಗಲಬಾರದೆಂದು ಅವರು ಯಾರ ಹೆಸರನ್ನೂ ಎತ್ತುವುದಿಲ್ಲ ಎಂದು ಶಪಥ ಮಾಡಿದ್ದರು. ಸಾಹುಕಾರ ಕಿಟಕಿಯ ಕಡೆ ಕುರ್ಚಿಯಲ್ಲಿದ್ದ, ಅಮ್ಮ ಬಾಗಿಲ ಕಡೆ. ಆದ್ದರಿಂದ ಇಡೀ ಸಭೆಯಲ್ಲಿ 'ಕಿಟಕಿ ಕಡೆಯವರು', 'ಬಾಗಿಲ ಕಡೆಯವರು' ಎಂದೇ ನಡೆಯಿತು. ಮೇಜಿನ ಮೇಲೆ ಕಡೆಗೊಂದರಂತೆ ಎರಡು ಮೈಕು, ನನ್ನ ಪೆಟ್ಟಿಗೆಯ ಮೇಲೆ ಅವುಗಳ ಎರಡು ಗುಂಡಿ. ಅಮ್ಮ ದಿನಾ ಹಾಕುವ ನೀಲಿ ಬಟ್ಟೆಯಲ್ಲೇ ಬಂದಿದ್ದಳು, ಕತ್ತಿನಲ್ಲಿ ಟೇಪು. ಅದು ನೀನು ತಿಳಿದ ಹಾಗೆ ಗುರುತಿನ ಚಿಹ್ನೆಯಲ್ಲ, ತೆಗೆಯಲು ಮರೆತದ್ದು.

ಮೊದಲ ಅರ್ಧ ನೀನು ನೋಡದಿದ್ದದ್ದೇ ಒಳ್ಳೆಯದಾಯಿತು. ಅಮ್ಮನ ಮಾತು ನಿನಗೆ ಗೊತ್ತಲ್ಲ. ವರ್ಷಾನುಗಟ್ಟಲೆ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಗಿರಾಕಿಗಳ ಹತ್ತಿರ ಮಾತಾಡಿ ಅಭ್ಯಾಸ. ಮೈಕಿನ ಮುಂದೆ ಕೂತದ್ದೇ ಸೂಜಿ ಇಲ್ಲದಿದ್ದರೂ ತುಟಿ ಬಿಗಿಯಿತು. ಅವಳ ದನಿ ಮಡಕೆಯೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ ಗುಯ್ ಅನ್ನುತ್ತಿತ್ತು. ನಾನು ಎಷ್ಟು ದನಿ ಏರಿಸಿದರೂ ಜೀರುಂಡೆ ದೊಡ್ಡದಾಯಿತೇ ಹೊರತು ಮಾತಾಗಲಿಲ್ಲ. ಸಾಹುಕಾರನೋ, "ಸೇತುವೆ ಎಂದರೆ ಬರೀ ಕಬ್ಬಿಣವಲ್ಲ ಬಂಧುಗಳೇ, ಒಂದು ಮನಸ್ಸು ಇನ್ನೊಂದು ಮನಸ್ಸಿನ ಕಡೆಗೆ ಚಾಚುವ ಕೈ" ಅಂದ. ಆ ಕೈಯನ್ನು ಎರಡು ವರ್ಷದಿಂದ ಮಡಿಸಿ ಇಟ್ಟುಕೊಂಡವನು ಅವನೇ. ಆದರೂ ಕೆಳದಾರಿಯ ಕೆಸರನ್ನು ಚಪ್ಪಲಿಯಲ್ಲಿ ಮೆತ್ತಿಕೊಂಡು ಬಂದಿದ್ದ ಆಚೆ ಬೀದಿಯವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ಅವನು ನೀರು ಕುಡಿದ ರೀತಿಗೂ ಯಾರೋ ತಲೆದೂಗಿದರು. ನಮ್ಮ ಬೀದಿಯ ಕ್ಷೌರಿಕ ಎರಡನೇ ಸಾಲಿನಲ್ಲಿ ಕೂತು, "ಆ ಬೈತಲೆ ನೋಡಿ, ದಾರ ಹಿಡಿದ ಹಾಗಿದೆ. ಇಂಥವನು ಊರನ್ನ ಸರಿ ಮಾಡದೆ ಇರ್ತಾನಾ?" ಅಂದ. ಮುಂದಿನ ಸಾಲಿನಲ್ಲಿ ದಿಂಬಿನ ಮೇಲೆ ಕೂತಿದ್ದ ಅಜ್ಜಿ ತಲೆ ತಗ್ಗಿಸಿ ತನ್ನ ಮೊಣಕಾಲನ್ನೇ ನೋಡುತ್ತಿದ್ದಳು. ಆ ಹೊತ್ತಿನಲ್ಲಿ ಆ ಬೈತಲೆಯನ್ನು ಕೆದರಬೇಕು ಅನ್ನಿಸಿತು, ನಿಜ ಹೇಳುತ್ತೇನೆ.

ನಡುವೆ ಬಿಡುವು ಕೊಟ್ಟರು. ನಾನು ಹಿಂದಿನ ಬಾಗಿಲಿನಿಂದ ಹೋಗಿ ಬನ್ನು ತಿಂದು ಬಂದೆ. ಅಷ್ಟರಲ್ಲಿ ಸಾಹುಕಾರ ಹೆಡ್‌ಮಾಸ್ಟರ ಹತ್ತಿರ ಹೋಗಿ ಕುರ್ಚಿ ಬದಲಾಯಿಸಿಕೊಡಿ ಎಂದು ಕೇಳಿಕೊಂಡನಂತೆ. ಕಾರಣ ಆಮೇಲೆ ತಿಳಿಯಿತು: ಫೋಟೋದವರೆಲ್ಲ ವೇದಿಕೆಯ ಎದುರು ನಡುವೆ ನಿಂತಿದ್ದರು, ಕಿಟಕಿ ಕಡೆ ಕೂತರೆ ಅವರಿಗೆ ಸಿಗುವುದು ಬಲಗೆನ್ನೆ, ಅವನ ಎಡಗೆನ್ನೆ ಬಲಗೆನ್ನೆಗಿಂತ ಚೆಂದವಂತೆ. ಎಡಗೆನ್ನೆಯ ಹಿತದೃಷ್ಟಿಯಿಂದ ಅಮ್ಮ ಎದ್ದು ಕಿಟಕಿ ಕಡೆ ಹೋಗಿ ಕೂತಳು. ನಂತರ ಹೆಡ್‌ಮಾಸ್ಟರು ಗಂಭೀರವಾಗಿ, "ಈಗ ಕೊನೆಯ ಮಾತು. ಮೊದಲಿಗೆ ಕಿಟಕಿ ಕಡೆಯವರು" ಅಂದರು. ಮೈಕು ಸತ್ತದ್ದು ಆಗ.

ಸಭೆಗೆ ಕಂಡದ್ದು ಇಷ್ಟು: ಅಮ್ಮನ ತುಟಿ ಅಲ್ಲಾಡುತ್ತಿದೆ, ಸದ್ದಿಲ್ಲ. ಅವಳು ಮೈಕನ್ನು ತಟ್ಟಿದಳು, ಊದಿದಳು, ಬಟ್ಟೆಯ ತುದಿಯಿಂದ ಒರೆಸಿಯೂ ನೋಡಿದಳಂತೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಗ ಅವಳು ಮೈಕನ್ನು ಮಗುವನ್ನು ಮಲಗಿಸುವಂತೆ ಮೇಜಿನ ಮೇಲೆ ಮಲಗಿಸಿ, ಎದ್ದು ಮುಂದೆ ಬಂದು, ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು, ಬೆಳಿಗ್ಗೆ ಸಂಜೆ ಹಳಿಯ ಮುಂದೆ ನಿಂತು ಕೂಗುವ ದನಿಯಲ್ಲಿ ಕೂಗಿದಳು. "ಆಚೆಯವ್ರೇ, ಈಚೆಯವ್ರೇ, ಕೇಳಿಸ್ತಾ?"

ಇಡೀ ಸಭಾಂಗಣ ಒಂದೇ ಬಾಯಲ್ಲಿ "ಕೇಳಿಸ್ತು, ಹೇಳು" ಅಂದಿತು. ಅಕ್ಕಾ, ಅದು ಬೆಂಬಲವಲ್ಲ, ಅಭ್ಯಾಸ. ಎರಡು ವರ್ಷದಿಂದ ಆ ದನಿ ಕೇಳಿದ ಕೂಡಲೇ ನಮ್ಮೆಲ್ಲರ ಬಾಯಿಂದ ಅದು ತಾನಾಗಿ ಬರುತ್ತದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಸಾಹುಕಾರನ ಅಂಗಡಿಯ ಗುಮಾಸ್ತನೇ ಎಲ್ಲರಿಗಿಂತ ಮೊದಲು ಅಂದದ್ದು. ಆಮೇಲೆ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿದ. ಅಮ್ಮ ಮುಂದುವರಿಸಿದಳು. "ಸೇತುವೆ ಮುಚ್ಚಿ ಎರಡು ವರ್ಷ ಆಯ್ತು. ರಿಪೇರಿ ಅಂದ್ರು. ಒಂದು ನಟ್ಟೂ ತಿರುಗಿಸಿಲ್ಲ. ಕೇಳಿಸ್ತಾ?" ಕೇಳಿಸ್ತು, ಹೇಳು. "ನಮ್ಮಮ್ಮನ ಗೆಳತಿಗೆ ಕಿವಿ ಮಂದ ಆಗ್ತಾ ಇದೆ. ಕೂಗಿದ್ರೂ ಕೇಳದ ದಿನ ಬರೋದ್ರೊಳಗೆ ಅವರಿಬ್ರೂ ಒಂದು ಬೆಂಚಿನ ಮೇಲೆ ಕೂರ್ಬೇಕು. ಕೇಳಿಸ್ತಾ?" ಈ ಸಲ ಉತ್ತರ ಸ್ವಲ್ಪ ತಡವಾಗಿ, ಮೆಲ್ಲಗೆ ಬಂತು. ಅಜ್ಜಿ ಮಾತ್ರ ಗಂಟಲು ಹರಿಯುವ ಹಾಗೆ "ಕೇಳಿಸ್ತು" ಅಂದಳು. "ನಾನು ಒಬ್ಬಳೇ ಗೆದ್ರೆ ಸೇತುವೆ ತೆರೆದುಬಿಡುತ್ತೆ ಅಂತ ಹೇಳಲ್ಲ. ಪುರಸಭೇಲಿ ಎದ್ದು ನಿಂತು ಹೀಗೇ ಕೂಗ್ತೀನಿ, ಕೆಲಸ ಶುರುವಾಗೋ ತನಕ ಕೂರಲ್ಲ. ಗಾಡಿ ಬರ್ತಿದೆ." ಹೇಳಿ ಹೋಗಿ ಕೂತಳು, ಕೂರಲ್ಲ ಎಂದು ಈಗ ತಾನೇ ಹೇಳಿದ್ದನ್ನು ಮರೆತು.

ಆಮೇಲೆ ಬಾಗಿಲ ಕಡೆಯವರ ಸರದಿ. ಸಾಹುಕಾರನ ಮೈಕು ಸರಿಯಾಗೇ ಇತ್ತು, ಅದೇ ಅವನಿಗೆ ಮುಳುವಾಯಿತು. ಅಮ್ಮನ ಬರಿಗಂಟಲಿನ ಹಿಂದೆಯೇ ಅವನ ಜೇನಿನ ಗುಡುಗು ಸ್ಪೀಕರಿನಿಂದ ಬಂದಾಗ ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಹೇಳುವ ದನಿಯ ಹಾಗೇ ಕೇಳಿಸಿತು. "ಪ್ರಿಯ ಬಂಧುಗಳೇ" ಅಂದನೋ ಇಲ್ಲವೋ, ಕ್ಷೌರಿಕ ಎದ್ದು, "ಯಾವ ಪ್ಲಾಟ್‌ಫಾರಂ ಸಾರ್?" ಅಂದ. ಮುಗಿಯಿತು. ಜನ ಬಿದ್ದು ಬಿದ್ದು ನಕ್ಕರು. ಎಡಗೆನ್ನೆ ಕೆಂಪಾದದ್ದು ಎಲ್ಲ ಫೋಟೋಗಳಲ್ಲೂ ಬಂದಿದೆ.

ಈಗ ನೀನು "ನೋಡಿದೆಯಾ, ಗೆದ್ದದ್ದು ನನ್ನ ವಿದ್ಯೆಯೇ" ಅನ್ನುತ್ತೀ. ಅದಕ್ಕೇ ನನಗೆ ತಲೆ ಚಿಟ್ಟು ಹಿಡಿದಿರುವುದು. ಮರುದಿನದಿಂದ ಊರಿನಲ್ಲಿ ಸೇತುವೆಯ ಮಾತೇ ಇಲ್ಲ, ಬರೀ ಗಂಟಲಿನ ಮಾತು. ಬೇಕರಿಯ ಹುಡುಗಿ "ನಿಮ್ಮಮ್ಮಂದು ಎಂಥ ಕಂಚಿನ ಕಂಠ, ನನ್ನ ಓಟು ಅವರಿಗೇ" ಅಂದಳು, ಸೇತುವೆ ಬಗ್ಗೆ ಏನಂತೀ ಎಂದು ಕೇಳಿದರೆ "ಯಾವ ಸೇತುವೆ?" ಅಂದಳು, ಅವಳ ಮನೆ ಆ ಬದಿಗೆ. ಬೈತಲೆ ನೋಡಿ ಓಟು ಹಾಕುವವನಿದ್ದ ಕ್ಷೌರಿಕ ಈಗ "ಆ ಮೈಕನ್ನ ಮಲಗಿಸಿದ ಗತ್ತು ಇದೆಯಲ್ಲ" ಎಂದು ಬಾಚಣಿಗೆ ಮಲಗಿಸಿ ತೋರಿಸುತ್ತಾನೆ. ಅಮ್ಮ ಮನೆಮನೆಗೆ ಹೋಗಿ, "ಗತ್ತೂ ಇಲ್ಲ ಮಣ್ಣೂ ಇಲ್ಲ, ಮೈಕ್ ಸತ್ತಿತ್ತು. ಇನ್ನೇನು ಮಾಡ್ಲಿ? ನೀವು ಸೇತುವೆ ವಿಷಯ ಹೇಳಿ" ಅನ್ನುತ್ತಾಳೆ. ಯಾರೂ ನಂಬುವುದಿಲ್ಲ. "ಎಷ್ಟು ವಿನಯ" ಎಂದು ಇನ್ನೂ ಎರಡು ಓಟು ಜಾಸ್ತಿ ಹಾಕುವವರ ಹಾಗೆ ಕೈ ಮುಗಿಯುತ್ತಾರೆ. ನಿಜ ಹೇಳಿದರೂ ಅದು ಅಲಂಕಾರವಾಗುವ ಊರಿನಲ್ಲಿ ಅಮ್ಮ ನಿಜವನ್ನೇ ಹೇಳುತ್ತಾ ತಿರುಗುತ್ತಿದ್ದಾಳೆ.

ಆದ್ದರಿಂದ, ಓ ಮುಗುಳ್ನಗೆಯ ಮಹಾರಾಣಿಯೇ, ಕೇಳು. ಮೈಕನ್ನು ಇನ್ನೊಮ್ಮೆ ಮಲಗಿಸುವುದಿಲ್ಲ. ಮೌನವಾಗಿ ಜನರನ್ನು ನೋಡುವುದಿಲ್ಲ. ಟೇಪನ್ನು ಅಮ್ಮ ಈಗ ಬೇಕೆಂದೇ ಕತ್ತಿನಿಂದ ತೆಗೆದು ಮೇಜಿನ ಡ್ರಾಯರಿನಲ್ಲಿಟ್ಟು ಹೋಗುತ್ತಾಳೆ. ಗೆದ್ದರೆ ಹೀಗೇ ಗೆಲ್ಲುತ್ತೇವೆ, ಸೋತರೂ ಹೀಗೇ ಸೋಲುತ್ತೇವೆ. ಈ ಮನೆಯಲ್ಲಿ ವೇಷ ಹಾಕುವವರು ಯಾರೂ ಇಲ್ಲ. ನಾಳೆ ಸಾಹುಕಾರ ಹರಿದ ಅಂಗಿ ಹಾಕಿಕೊಂಡು ಬರಿಗಂಟಲಿನಲ್ಲಿ ಕೂಗಿದರೆ ಇದೇ ಜನ ಅವನ ಕಡೆ ಹೊರಳಬಹುದು. ಹೊರಳಲಿ. ನಾವು ಅವರ ಮೂಗಿಗೆ ತುಪ್ಪ ಸವರುವುದಿಲ್ಲ. ಅಜ್ಜಿ ಆಚೆ ಹೋಗಬೇಕು, ಅಷ್ಟೇ. ಅದು ಚೆಂದ ಕಾಣುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ.

ಭಾನುವಾರ ನೀನು ಬಂದು ಮತ ಹಾಕು. ಅಮ್ಮ ಬಾಯಿಬಿಟ್ಟು ಕರೆಯುವುದಿಲ್ಲ, ಆದರೆ ನಿನ್ನ ಹಾಸಿಗೆಯ ಹೊದಿಕೆ ಒಗೆದು ಹಾಕಿದ್ದಾಳೆ. ಅಪ್ಪ ನಿದ್ದೆಯಿಂದಲೇ ಆಶೀರ್ವಾದ ಹೇಳಿದ್ದಾರೆ. ಅಜ್ಜಿ, ನಿನ್ನ ಕತ್ತು ನೆಟ್ಟಗಾಗಲಿ, ನಿನಗೆ ನೆಟ್ಟಗಿರುವ ಗಂಡು ಸಿಗಲಿ ಎಂದು ಹರಸಿದ್ದಾಳೆ. ಎರಡನೆಯದ್ದು ನಾನು ಸೇರಿಸಿದ್ದಲ್ಲ. ಕೇಳಿಸ್ತಾ? ಗಾಡಿ ಬರ್ತಿದೆ.

ಇಂತಿ ನಿನ್ನ ಅವಿಧೇಯ,
ತಮ್ಮ

ಮರೆತದ್ದು: ಅಮ್ಮ ಬೀದಿಯ ತುದಿಯಲ್ಲಿ ಕಾಣಿಸುತ್ತಿದ್ದಾಳೆ, ಗೀಚಿಬಿಡುತ್ತೇನೆ. ಮೈಕು ಸತ್ತಿರಲಿಲ್ಲ. ನಾನೇ ಆರಿಸಿದೆ. ಗುರಿ ಸಾಹುಕಾರನ ಮೇಲಿತ್ತು. ಹೆಡ್‌ಮಾಸ್ಟರು 'ಕಿಟಕಿ ಕಡೆಯವರು' ಅಂದಾಗ ನನ್ನ ಪ್ರಕಾರ ಕಿಟಕಿ ಕಡೆ ಅವನೇ ಇದ್ದ. ಬನ್ನು ತಿಂದು ಬಂದವನಿಗೆ ಎಡಗೆನ್ನೆಯ ಸಂಗತಿ ಏನು ಗೊತ್ತು. ಅಮ್ಮನ "ಕೇಳಿಸ್ತಾ" ಕಿವಿಗೆ ಬಿದ್ದಾಗ ಬೆರಳು ಮತ್ತೆ ಗುಂಡಿಯ ಮೇಲೆ ಹೋಯಿತು. ಅಷ್ಟರಲ್ಲಿ ಸಭೆ ಉತ್ತರ ಕೊಟ್ಟಿತು. ಬೆರಳು ತೆಗೆದುಬಿಟ್ಟೆ. ಮೊದಲು ಒತ್ತಿದ್ದು ಎಡವಟ್ಟು, ಮತ್ತೆ ಒತ್ತದೆ ಬಿಟ್ಟದ್ದು ಎಡವಟ್ಟಲ್ಲ. ಅಮ್ಮನಿಗೆ ಹೇಳಿದರೆ ಆ ಕ್ಷಣವೇ ತಗಡಿನ ಮುಂದೆ ಹೋಗಿ ಎರಡೂ ಬದಿಗೆ ಸಾರಿಬಿಡುತ್ತಾಳೆ, ಆಮೇಲೆ ಅಜ್ಜಿಯ ಬೆಂಚಿನ ಗತಿ ಏನೋ. ಹೇಳದಿದ್ದರೆ, ಈ ಚುನಾವಣೆಯಲ್ಲಿ ಸುಳ್ಳಾಡದ ಒಬ್ಬಳೇ ಒಬ್ಬಳು ಮನೆಮನೆಯ ಬಾಗಿಲಿಗೆ ಹೋಗಿ "ಮೈಕ್ ಸತ್ತಿತ್ತು" ಎಂದು ನನ್ನ ಸುಳ್ಳನ್ನು ಹೇಳಿಕೊಂಡು ಬರುತ್ತಿದ್ದಾಳೆ. ಅದನ್ನು ನನ್ನ ಕೈಯಲ್ಲಿ ನೋಡಲಾಗುತ್ತಿಲ್ಲ. ಶನಿವಾರ ಬೆಳಿಗ್ಗೆ ತಗಡಿನ ಮುಂದೆ ನಿಂತು ನಾನೇ ಕೂಗುತ್ತೇನೆ. ಭಾನುವಾರದ ಬದಲು ಶನಿವಾರವೇ ಬಾ; ಬೈಗುಳ ಹಂಚಿಕೊಳ್ಳೋಣ.

ಇನ್ನೊಂದು. ಕೋಟಿನ ಪಾರ್ಸೆಲಿಗೆ ಕಾಯಬೇಡ. ಅವತ್ತು ಅದು ನನ್ನ ಮೈಮೇಲಿತ್ತು. ಮೈಕು ನಿಂತಾಗ ಹೆಡ್‌ಮಾಸ್ಟರು ಪರದೆ ಸರಿಸಿ ಇಣುಕಿದರು, ಶಾಲೆಯ ಉದ್ದಕ್ಕೂ ನನ್ನ ಕಿವಿ ಹಿಂಡಿದ ಮನುಷ್ಯ ಕನ್ನಡಕ ಸರಿಮಾಡಿಕೊಂಡು, "ಸಾರ್, ಸ್ವಲ್ಪ ನೋಡ್ತೀರಾ?" ಅಂದರು. ಎರಡನೇ ಪುಟ ನನ್ನ ಜೇಬಿನಲ್ಲಿದೆ. ಶನಿವಾರ ಕೂಗುವಾಗಲೂ ಅದೇ ಕೋಟು ಹಾಕಿಕೊಂಡು ಹೋಗಬೇಕು ಎಂದುಕೊಂಡಿದ್ದೇನೆ.